ಸಾಹೇಬ್ರೂ ಹೊರಗಿಟ್ಟ ಮೀನೂ

ಹರಪನಹಳ್ಳಿಗೂ ಸಮುದ್ರಕ್ಕೂ ಇರುವ ನಂಟು ನಮ್ಮ ಶಾಲೆಯ ಗೋಡೆಗೆ ತೂಗುಹಾಕಿದ ಭೂಪಟದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಆ ಭೂಪಟದಲ್ಲೂ ಸಮುದ್ರದ ಕಡೆಯ ಭಾಗವನ್ನು ಗೆದ್ದಲು ತಿಂದಿದೆ. ಇಂಥ ಊರಿನಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ಉಪ್ಪು ನೀರಿನ ಅಕ್ವೇರಿಯಂ ಒಂದು ಬಂದು ಕೂತಿದ್ದಕ್ಕೆ ಕಾರಣ ಸರ್ಕಾರದ ವರ್ಗಾವಣೆ ಆದೇಶ. ನಮ್ಮ ಮಹಡಿಯ ಮೇಲೆ ಬಾಡಿಗೆಗಿದ್ದ ಅಧಿಕಾರಿಯೊಬ್ಬರು ಕರಾವಳಿ ಕಡೆಯವರು. ಊರು ಬಿಟ್ಟು ಬಂದ ಬೇಸರಕ್ಕೆ ಸಮುದ್ರವನ್ನೇ ಜತೆಗೆ ಕಟ್ಟಿಕೊಂಡು ಬಂದಿದ್ದರು. ಒಂದು ದಿನ ದಿಢೀರನೆ ಬೀದರಿಗೆ ಎತ್ತಂಗಡಿಯಾಯಿತು. ಸಮುದ್ರವನ್ನು ಬೀದರಿಗೆ ಸಾಗಿಸುವುದು ಹೇಗೆ? "ಮೇಡಂ, ನೀವು ಸೈನ್ಸ್ ಟೀಚರ್ ಅಲ್ವಾ?" ಅಂತ ಅದನ್ನು ನನ್ನ ತಲೆಗೆ ಕಟ್ಟಿ ಹೊರಟೇಬಿಟ್ಟರು.

ಸೈನ್ಸ್ ಟೀಚರ್ ಅಂದರೆ ನಮ್ಮ ಓಣಿಯಲ್ಲಿ ಕೆಟ್ಟ ಮಿಕ್ಸಿಯಿಂದ ಹಿಡಿದು ಬಾಟಲಿಯಲ್ಲಿ ಹಿಡಿದ ಚೇಳಿನ ತನಕ ಎಲ್ಲವನ್ನೂ ತಂದು ಒಪ್ಪಿಸುವ ಜಾಗ. ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆಮೇಲೆ ತಿಂಗಳುಗಟ್ಟಲೆ ಗೊಣಗುತ್ತೇನೆ. ಇದು ನನ್ನ ಸ್ವಭಾವ.

ತೊಟ್ಟಿಯಲ್ಲಿ ಒಂದಿಷ್ಟು ಕಲ್ಲು, ಮರಳು, ಒಂದೇ ಒಂದು ಮೀನು. ಹೆಬ್ಬೆರಳಿನಷ್ಟು ಉದ್ದ, ಕಿತ್ತಳೆ ಬಣ್ಣ, ಮೈಮೇಲೆ ಬಿಳಿ ಪಟ್ಟೆ. ಕ್ಲೌನ್ ಫಿಶ್ ಅಂತ ಅದರ ಜಾತಿಗೆ ಹೆಸರು. ನನ್ನ ಅಪ್ಪ ಮಾತ್ರ ಅದನ್ನು ನೋಡಿದ ದಿನವೇ "ಸಾಹೇಬ್ರು" ಅಂತ ಕರೆದ. ಸಾಹೇಬರ ಮನೆಯಿಂದ ಬಂದದ್ದು ಅನ್ನುವುದು ಒಂದು ಕಾರಣ. ಹೊಟ್ಟೆ ಮುಂದೆ ಮಾಡಿಕೊಂಡು, ಬಾಯಿ ತೆರೆದು ಮುಚ್ಚಿ, ಏನನ್ನೂ ಹೇಳದೆ ಅತ್ತಿಂದಿತ್ತ ಓಡಾಡುವುದು ಇನ್ನೊಂದು ಕಾರಣ.

ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಜವಾನನಾಗಿದ್ದ. ಆಯುಷ್ಯದ ಬಹುಭಾಗ ಸಾಹೇಬರ ಕೋಣೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು, ಒಳಗಿನಿಂದ ಬೆಲ್ ಬಾರಿಸಿದ ಕೂಡಲೇ ಎದ್ದು ಹೋದವನು. ಅವ್ವ ತೀರಿಕೊಂಡ ಮೇಲೆ ನಮ್ಮ ಜತೆ ಬಂದಿದ್ದ. ಬಂದವನು ಮಾತೇ ಆಡುತ್ತಿರಲಿಲ್ಲ. ಊಟಕ್ಕೆ ಕರೆದರೆ ಬರುವುದು, ಉಣ್ಣುವುದು, ಗೋಡೆಗೆ ಬೆನ್ನು ಕೊಟ್ಟು ಕೂರುವುದು. ಈ ಮೀನು ಬಂದ ಮೇಲೆ ಅವನ ಬಾಯಿ ಬಿಚ್ಚಿತು. ಬೆಳಿಗ್ಗೆ ಎದ್ದವನೇ ಗಾಜಿನ ಮೇಲೆ ಬೆರಳಿನಿಂದ ಟಕ್ ಟಕ್ ಅನ್ನಿಸುತ್ತಾನೆ. ಮೀನು ಕಲ್ಲಿನ ಸಂದಿಯಿಂದ ಓಡಿ ಬರುತ್ತದೆ.

"ನೋಡವ್ವಾ, ಆವಾಗ ಅವರು ಬೆಲ್ ಹೊಡೀತಿದ್ರು, ನಾ ಓಡತಿದ್ದೆ. ಈಗ ನಾ ಬೆಲ್ ಹೊಡೀತೀನಿ, ಸಾಹೇಬ್ರು ಓಡಿ ಬರ್ತಾರ" ಅಂತ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಆಮೇಲೆ ಅದಕ್ಕೆ ಕಾಳು ಹಾಕುತ್ತ, "ಏನ್ ಸಾಹೇಬ್ರ, ಫೈಲು ಎಲ್ಲಿಗೆ ಬಂತು? ನಾಳಿ ಬಾ ಅಂತೀರೇನು? ಊಟಾನೂ ನಾಳಿಗೇ ಕೊಡ್ಲೇನು?" ಅಂತ ವಿಚಾರಣೆ ಶುರು. ಹಳೆಯ ಬಾಕಿಯನ್ನೆಲ್ಲ ಪಾಪದ ಮೀನಿನ ಮೇಲೆ ತೀರಿಸಿಕೊಳ್ಳುತ್ತಿದ್ದ. ಅಪ್ಪ ಮತ್ತೆ ನಕ್ಕದ್ದನ್ನು ನೋಡಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅಂದಿನಿಂದ ಆ ತೊಟ್ಟಿಯನ್ನು ಗೊಣಗದೆ ನೋಡಿಕೊಂಡೆ. ಗೊಣಗಿದರೂ ಕಡಿಮೆ ಗೊಣಗಿದೆ.

ನೋಡಿಕೊಳ್ಳುವುದೇನು ಸುಲಭವೇ? ನಮ್ಮ ಬೋರಿನ ನೀರು ಕುದಿಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಹಿಡಿಯುತ್ತದೆ. ಅದಕ್ಕೇ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ನೀರು ತಂದು, ಡಬ್ಬಿಯಲ್ಲಿ ಬರುವ ಸಮುದ್ರದ ಉಪ್ಪನ್ನು ಅಳೆದು ಕಲಸಬೇಕು. ಘಟಕದ ಸಾಲಿನಲ್ಲಿ ನಿಂತವರಿಗೆಲ್ಲ ಇದು ಗೊತ್ತಾಗಿಹೋಯಿತು. "ಮೇಡಂರ, ಕುಡಿಯೋ ನೀರಿಗೆ ಉಪ್ಪು ಹಾಕಿ ಕೆಡಸ್ತೀರಂತಲ್ರಿ?" ಅಂತ ಒಬ್ಬರು. "ಇಷ್ಟೆಲ್ಲ ಮಾಡಿ ಸಾರಿಗೆ ಎಷ್ಟು ಮೀನು ಬರ್ತಾವ್ರಿ?" ಅಂತ ಇನ್ನೊಬ್ಬರು. ಒಂದು ಅಂದರೆ ಅವರ ಮುಖದಲ್ಲಿ ಮೂಡುವ ಕರುಣೆಯನ್ನು ನಾನು ಇವತ್ತಿಗೂ ಸಹಿಸಲಾರೆ.

ಈ ಮಧ್ಯೆ ಒಂದು ಅನಾಹುತ ನಡೆಯಿತು. ನಮ್ಮನೆಯವರಿಗೆ ದಾವಣಗೆರೆಯಲ್ಲಿ ಕೆಲಸ, ಶನಿವಾರ ಸಂಜೆ ಬರುತ್ತಾರೆ. ಒಮ್ಮೆ ಬರುವಾಗ ಅಲ್ಲಿನ ಅಂಗಡಿಯಿಂದ ಎರಡು ನೀಲಿ ಮೀನು ತಂದರು. ಚೀಲವನ್ನು ಸ್ವಲ್ಪ ಹೊತ್ತು ನೀರಿನಲ್ಲಿ ತೇಲಿಬಿಟ್ಟು ಆಮೇಲೆ ಒಳಗೆ ಸುರಿಯಿರಿ ಅಂತ ಅಂಗಡಿಯವನು ಹೇಳಿದ್ದನಂತೆ. ಸುರಿದೆವು. ವಾರ ಕಳೆಯುವುದರೊಳಗೆ ನೀಲಿ ಮೀನುಗಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಎದ್ದವು. ಅವೆರಡೂ ಸತ್ತವು. ಸಾಹೇಬರ ಮೈಗೂ ಹತ್ತಿತು. ಸಾಹೇಬರು ಮೂಲೆಗೆ ಬಿದ್ದು ಏದುಸಿರು ಬಿಡುತ್ತಿದ್ದರೆ ಅಪ್ಪ ಊಟ ಬಿಟ್ಟ. ನಾನು ಬೈದೆ, ನಮ್ಮನೆಯವರು ಪುಸಲಾಯಿಸಿದರು, ಊಹುಂ. ಮೀನು ಬದುಕಿದ್ದು ಹೇಗೋ ಗೊತ್ತಿಲ್ಲ, ಅಂತೂ ಬದುಕಿತು. ಅದು ಮತ್ತೆ ಕಾಳಿಗೆ ಬಾಯಿ ಹಾಕಿದ ದಿನ ಸಂಜೆ ಅಪ್ಪ ಎರಡು ರೊಟ್ಟಿ ಉಂಡ. ಈ ಮೀನು ಹೋದರೆ ಅಪ್ಪ ಮತ್ತೆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾನೆ, ಈ ಸಲ ಏಳುವುದಿಲ್ಲ ಅಂತ ನನಗೆ ಅವತ್ತೇ ಖಾತ್ರಿಯಾಯಿತು. ಅದಕ್ಕೇ ನಾನು ಸಿಕ್ಕ ಸಿಕ್ಕಲ್ಲೆಲ್ಲ ಓದಿ, ಇನ್ನು ಮೇಲೆ ಯಾವ ಹೊಸ ಮೀನು ಬಂದರೂ ಮೊದಲು ಬೇರೆ ತೊಟ್ಟಿಯಲ್ಲಿ ವಾರಗಟ್ಟಲೆ ಇಟ್ಟು, ರೋಗ ಇಲ್ಲ ಅಂತ ಖಚಿತವಾದ ಮೇಲಷ್ಟೇ ಒಳಗೆ ಅಂತ ಕಾನೂನು ಮಾಡಿದೆ.

ಮುಂದೆ ಬಹಳ ದಿನ ಹೊಸ ಮೀನಿನ ಮಾತೇ ಇರಲಿಲ್ಲ. ಸಂಕ್ರಾಂತಿ ಮುಗಿದ ಮೇಲೆ ಅಪ್ಪನೇ ತೆಗೆದ. "ಸಾಹೇಬ್ರು ಒಬ್ರೇ ಅದಾರ. ಜತಿಗೆ ಅವರಂಥದ್ದೇ ಒಂದು ತರಿಸವ್ವಾ."

ಕ್ಲೌನ್ ಮೀನಿನ ಜೋಡಿಯ ವಿಷಯ ಓದಿಕೊಂಡಿದ್ದೆನಲ್ಲ, ಪಾಠ ಮಾಡುವ ಚಟ. "ಅಪ್ಪ, ಇವುಗಳಲ್ಲಿ ಎರಡು ಜತೆಯಾದರ, ದೊಡ್ಡದು ಹೆಣ್ಣಾಗತೈತಿ. ಸಾಹೇಬ್ರು ಮೇಡಂ ಆಗಿಬಿಡ್ತಾರ, ನೋಡು."

ಅಪ್ಪ ಸ್ವಲ್ಪವೂ ಅಲುಗಾಡಲಿಲ್ಲ. "ಆಗ್ಲಿ ಬಿಡು. ಪ್ರಮೋಷನ್ನು."

ಸರಿ, ಕ್ವಾರಂಟೈನ್ ಕೇಂದ್ರದ ಕಾಮಗಾರಿ ಶುರುವಾಯಿತು. ಜಾಗ, ಬಚ್ಚಲು ಮನೆಯ ಮಗ್ಗುಲಿಗಿದ್ದ ಜೋಳದ ಚೀಲದ ಕೋಣೆ. ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬು, ಗುಳ್ಳೆ ಬಿಡುವ ಸಣ್ಣ ಫಿಲ್ಟರು. ಮೀನು ಅವಿತುಕೊಳ್ಳಲು ಪೈಪಿನ ತುಂಡು ಬೇಕು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕೇಳಿದೆ. "ಎಷ್ಟು ಉದ್ದ ಬೇಕ್ರಿ?" ಅಂದ. ಗೇಣುದ್ದ ಅಂದೆ. "ಏನಕ್ಕ್ರಿ?" ಅಂದ. ಸುಳ್ಳು ಹೇಳಬೇಕಿತ್ತು, ಬಾಯಿತಪ್ಪಿ ನಿಜ ಹೇಳಿದೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. "ಮೀನಿಗೆ ಮನಿ ಅಂತೀರಿ. ಅಟ್ಯಾಚ್ಡ್ ಬಾತ್‌ರೂಮು ಬ್ಯಾಡೇನ್ರಿ?" ಅಂದ ಅಂಗಡಿಯವ. ನಾನು ಪೈಪು ಕಿತ್ತುಕೊಂಡು ಬಂದೆ.

ಎಲ್ಲಕ್ಕಿಂತ ಮುಖ್ಯ, ಟಬ್ಬಿನ ಸಾಮಾನು ಬೇರೆ, ದೊಡ್ಡ ತೊಟ್ಟಿಯ ಸಾಮಾನು ಬೇರೆ. ಬೇರೆ ಬಲೆ, ಬೇರೆ ಮಗ್ಗು, ಬೇರೆ ಬಕೆಟ್ಟು, ಕೈ ಒರೆಸಲು ಬೇರೆ ಟವೆಲ್ಲು. ಅದಲುಬದಲಾಗಬಾರದು ಅಂತ ಟಬ್ಬಿನ ಸಾಮಾನಿಗೆಲ್ಲ ನನ್ನ ಕೆಂಪು ಉಗುರುಬಣ್ಣದಿಂದ ಗುರುತು ಹಾಕಿದೆ. ಅಪ್ಪ ಚೀಲದ ಮೇಲೆ ಕೂತು ನೋಡುತ್ತಿದ್ದವನು ಇದ್ದಕ್ಕಿದ್ದಂತೆ ನಗಲು ಶುರು ಮಾಡಿದ. ಕೆಮ್ಮು ಬರುವ ತನಕ ನಕ್ಕ.

"ಯಾಕಪ್ಪ?"

"ಏನಿಲ್ಲವ್ವಾ. ನಾ ಸಣ್ಣಾವಿದ್ದಾಗ ಹೋಟೆಲಿನ್ಯಾಗ ನಮ್ಮ ಕೇರ್ಯಾವ್ರಿಗೆ ಬ್ಯಾರೆ ಲೋಟ ಇರ್ತಿತ್ತು. ಅದಕ್ಕೂ ಹಿಂಗ ಕೆಂಪು ಬಣ್ಣ. ನನ್ನ ಮಗಳು ಕಾಲೇಜು ಕಲ್ತು, ಟೀಚರ್ ಆಗಿ, ಮೀನಿಗೆ ಬ್ಯಾರೆ ಮಗ್ಗು ಇಟ್ಟಾಳ."

ನನಗೆ ರೇಗಿತು. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇಟ್ಟುಕೊಂಡು ಬೆಳೆದವಳು ನಾನು. ಶಾಲೆಯಲ್ಲಿ ಯಾವ ಮಗುವಾದರೂ ಇನ್ನೊಂದು ಮಗುವಿನ ಬುತ್ತಿ ಮುಟ್ಟಲು ಹಿಂಜರಿದರೆ ಎರಡನ್ನೂ ಒಂದೇ ತಟ್ಟೆಯಲ್ಲಿ ಉಣ್ಣಿಸುವ ತನಕ ಬಿಡದವಳು. ನನಗೇ ಈ ಮಾತೇ? "ಇದು ಸೈನ್ಸು" ಅಂದೆ. "ಹೌದೌದು" ಅಂತ ಅಪ್ಪ ಕಣ್ಣೊರೆಸಿಕೊಂಡ.

ಹೊಸ ಮೀನು ಶನಿವಾರ ಬಂತು. ನಮ್ಮನೆಯವರು ಅದನ್ನು ದಾವಣಗೆರೆಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಹೊತ್ತು ತಂದರು. ಗಾಳಿ ತುಂಬಿ ಉಬ್ಬಿಸಿದ ಪಾರದರ್ಶಕ ಚೀಲ, ನಡುವೆ ಕಡಲೆಬೀಜದಷ್ಟು ಮೀನು. ಪಕ್ಕದವರು, ಹಿಂದಿನವರು, ಕೊನೆಗೆ ಕಂಡಕ್ಟರು ಎಲ್ಲರೂ ಬಗ್ಗಿ ನೋಡಿ ಸಲಹೆ ಕೊಟ್ಟರಂತೆ. ಗುಂಡಿ ಬಂದಾಗಲೆಲ್ಲ ಇವರು ಚೀಲ ಹಿಡಿದು ಸೀಟಿನಿಂದ ಅರ್ಧ ಏಳುವುದನ್ನು ನೋಡಿ ಒಬ್ಬ ಅಜ್ಜಿ, "ಕೂಸಿಗೆ ಏನಾಗೇತಪ್ಪಾ, ದವಾಖಾನಿಗೆ ಒಯ್ಯಾಕತ್ತೀಯೇನು?" ಅಂದಳಂತೆ. ಮನೆಗೆ ಬಂದಾಗ ಅವರ ಪ್ಯಾಂಟು ಒದ್ದೆ. ಚೀಲ ಸೋರಿದ್ದು ಅಂತ ಅವರು ಪ್ರಮಾಣ ಮಾಡಿ ಹೇಳುತ್ತಾರೆ.

ಸುದ್ದಿ ತಿಳಿದು ಪಕ್ಕದ ಮನೆಯ ಅಕ್ಕ ಬಂದಳು. ಅವರದು ಕುರಿ ಸಾಕುವ ಮನೆತನ, ಮೈಲಾರಲಿಂಗನ ಒಕ್ಕಲು. ಹೊಸ ಕುರಿ, ಹೊಸ ಬೈಕು, ಹೊಸ ಸೊಸೆ ಯಾರೇ ಬರಲಿ, ಮೈಲಾರದಿಂದ ತಂದ ಭಂಡಾರದ ಅರಿಶಿನ ಹಚ್ಚಿಯೇ ಒಳಗೆ ಕರೆದುಕೊಳ್ಳುವವಳು. ಚಿಟಿಕೆ ಭಂಡಾರ ಹಿಡಿದು ನೇರ ಟಬ್ಬಿನ ಕಡೆ ನಡೆದಳು. ನಾನು ಅಡ್ಡ ನಿಂತೆ.

"ನೀರಿಗೆ ಬ್ಯಾಡಕ್ಕಾ, ಸಾಯ್ತೈತಿ."

"ಮೈಲಾರಲಿಂಗನ ಭಂಡಾರದಿಂದ ಯಾರಾರ ಸತ್ತಾರೇನ್ರೀ ಟೀಚರ್ರ?" ಅಂತ ಕಣ್ಣು ದೊಡ್ಡದು ಮಾಡಿದಳು. ಬಹಳ ಮಾತುಕತೆಯಾದ ಮೇಲೆ ಟಬ್ಬಿನ ಹೊರಮೈಗೆ ಹಚ್ಚುವುದು ಅಂತ ರಾಜಿಯಾಯಿತು. ಹಚ್ಚಿದವಳೇ ಸುತ್ತ ಕಣ್ಣಾಡಿಸಿ, "ಇದನ್ಯಾಕ ಬಚ್ಚಲ ಮಗ್ಗಲಕ ಇಟ್ಟೀರಿ? ಹೊರಗಾಗೇತೇನು?" ಅಂದಳು.

"ಕ್ವಾರಂಟೈನಕ್ಕಾ. ಕೊರೊನಾ ಬಂದಾಗ ಇಡ್ತಿದ್ರಲ್ಲ, ಹಂಗ."

"ಹಂಗನ್ರಿ ಮತ್ತ! ಆವಾಗ ನಮ್ಮ ಮೈದುನನ್ನ ನಿಮ್ಮ ಸಾಲ್ಯಾಗ ಇಟ್ಟಿದ್ರು. ದಿನಾ ಕುದಿಸಿದ ಕೋಳಿ ತತ್ತಿ ಕೊಡ್ತಿದ್ರು. ಬಿಟ್ಟ ಮ್ಯಾಲೂ ಬರಾಕ ಒಲ್ಲೆ ಅಂದ" ಅಂತ ಸಮಾಧಾನಪಟ್ಟುಕೊಂಡು ಹೋದಳು.

ಆದರೆ ಹೊಸ ಮೀನಿಗೆ ತತ್ತಿ ಹೋಗಲಿ, ಏನು ಕೊಟ್ಟರೂ ಬೇಡವಾಯಿತು. ಪೈಪಿನೊಳಗೆ ಹೊಕ್ಕು ಮೂತಿ ಮಾತ್ರ ಹೊರಗೆ ಹಾಕಿ ಕೂತಿತು. ಕಾಳು ಮೂತಿಯ ಮುಂದೆಯೇ ತೇಲಿ ಹೋಗುತ್ತಿದ್ದರೂ ನೋಡುತ್ತಿರಲಿಲ್ಲ. ಹೊಸ ಜಾಗ, ಹೆದರಿಕೆ, ತಿನ್ನದಿರುವುದು ಸಹಜ ಅಂತ ನಾನು ಓದಿದ್ದೆ. ಅಪ್ಪ ಓದಿರಲಿಲ್ಲ. ಅವನು ಸಾಹೇಬರನ್ನು ಬಿಟ್ಟು ದಿನವಿಡೀ ಜೋಳದ ಚೀಲದ ಮೇಲೆ ಕೂತು ಅದನ್ನೇ ನೋಡತೊಡಗಿದ.

"ಒಂದೇ ಐತಲ್ಲವ್ವಾ. ಒಬ್ಬಾವನ್ನ ಹೊರಗ ಕುಂದ್ರಿಸಿ ಉಣ್ಣು ಅಂದ್ರ ಯಾವನಿಗೆ ಗಂಟಲದಾಗ ಇಳೀತೈತಿ?"

ನಮ್ಮ ಅಪ್ಪನ ಒಂದು ಪದ್ಧತಿ ಹೇಳಬೇಕು. ಮನೆಗೆ ಯಾರೇ ಬರಲಿ, ಗ್ಯಾಸ್ ಸಿಲಿಂಡರ್ ತಂದವನೇ ಬರಲಿ, ಅವರಿಗೊಂದು ತಟ್ಟೆ ಇಟ್ಟರೆ ತಾನೂ ಒಂದು ತಟ್ಟೆ ಹಾಕಿಕೊಂಡು ಎದುರಿಗೆ ಕೂರುತ್ತಾನೆ. ಆಗಷ್ಟೇ ಉಂಡಿದ್ದರೂ ಕೂರುತ್ತಾನೆ. ಯಾರೂ ಒಬ್ಬರೇ ಉಣ್ಣುವುದನ್ನು ಅವನು ನೋಡಲಾರ. ಇದರಿಂದ ಅವನ ಸಕ್ಕರೆ ಕಾಯಿಲೆಗೆ ಆದ ಅನುಕೂಲ ಡಾಕ್ಟರಿಗೆ ಗೊತ್ತು.

ಅದಕ್ಕೇ ನಾನು ಮುಂಜಾಗ್ರತೆಯಾಗಿ ಶಾಲೆಗೆ ಹೊರಡುವ ಮುಂಚೆ ದಿನಾ ಹೇಳುತ್ತಿದ್ದೆ. "ಅಪ್ಪ, ಏನಾದರೂ ಆಗಲಿ, ಇದನ್ನ ಒಳಗಿನ ತೊಟ್ಟಿಗೆ ಬಿಡಬ್ಯಾಡ. ಬಿಟ್ಟರ ಸಾಹೇಬ್ರು ಉಳಿಯಂಗಿಲ್ಲ." ಅಪ್ಪ ತಲೆಯಾಡಿಸುತ್ತಿದ್ದ.

ಒಂದು ದಿನ ಶಾಲೆಯಿಂದ ಬಂದು ನೋಡುತ್ತೇನೆ, ದೊಡ್ಡ ತೊಟ್ಟಿಯಲ್ಲಿ ಸಾಹೇಬರಿಲ್ಲ. ಕಲ್ಲಿನ ಸಂದಿ ನೋಡಿದೆ, ಇಲ್ಲ. ಗಾಜು ಬಡಿದೆ, ಬರಲಿಲ್ಲ. ಈ ಮೀನುಗಳು ಒಮ್ಮೊಮ್ಮೆ ಹೊರಗೆ ಜಿಗಿಯುತ್ತವೆ ಅಂತ ಓದಿದ್ದು ನೆನಪಾಗಿ, ಬ್ಯಾಗನ್ನೂ ಇಳಿಸದೆ ಸೋಫಾದ ಕೆಳಗೆ ತಲೆ ತೂರಿಸಿದೆ. ಅಲ್ಲಿ ಸಿಕ್ಕಿದ್ದು ನನ್ನದೇ ಕಳೆದುಹೋದ ಚಪ್ಪಲಿ. ಅಪ್ಪನಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತ ಜೋಳದ ಕೋಣೆಗೆ ಹೋದರೆ, ಅಪ್ಪ ಚೀಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದಾನೆ. ಟಬ್ಬಿನೊಳಗೆ ಸಾಹೇಬರು ಹೊಟ್ಟೆ ಮುಂದೆ ಮಾಡಿಕೊಂಡು ತಿರುಗಾಡುತ್ತಿದ್ದಾರೆ. ಅವರ ಹಿಂದೆ ಹೊಸ ಮೀನು ಮೈ ನಡುಗಿಸುತ್ತ ಓಡಾಡುತ್ತಿದೆ, ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತನಂತೆ.

"ಅಪ್ಪ, ಏನ್ ಮಾಡಿದಿ ನೀ!"

"ಇಲ್ಲಿ ನೋಡು, ತಿನ್ನಾಕ ಹತ್ತೇತಿ. ಸಾಹೇಬ್ರು ತಿಂದದ್ದು ನೋಡಿ ತಾನೂ ಬಾಯಿ ಹಾಕ್ತು."

"ಬಿಡಬ್ಯಾಡ ಅಂತ ಬಡಕೊಂಡಿದ್ನಲ್ಲ!"

"ಒಳಗ ಬಿಡಬ್ಯಾಡ ಅಂದಿದ್ದಿ. ನಾ ಎಲ್ಲಿ ಅದನ್ನ ಒಳಗ ಬಿಟ್ಟೀನಿ? ಸಾಹೇಬ್ರನ್ನ ಹೊರಗ ಕರಕೊಂಡು ಬಂದೀನಿ."

ಸಾಹೇಬರನ್ನು ಯಾವ ಮಗ್ಗಿನಲ್ಲಿ ತಂದೆ ಅಂತ ಕೇಳಿದೆ. ಒಳಗಿನ ಮಗ್ಗಿನಲ್ಲಿ. ಆಮೇಲೆ ಆ ಮಗ್ಗನ್ನು ಏನು ಮಾಡಿದೆ? "ತೊಳೆದಿಟ್ಟೆ." ಎಲ್ಲಿ ತೊಳೆದೆ? "ದೊಡ್ಡ ತೊಟ್ಟ್ಯಾಗ ಒಂದು ಸಲ ಅದ್ದಿ ತೆಗೆದೆ. ಸುಮ್ನ ನೀರು ಯಾಕ ಕೆಡಸ್ಲಿ?" ಅಂದ. ಅಲ್ಲಿಗೆ ನನ್ನ ಕಾನೂನು, ಕೆಂಪು ಬಣ್ಣ, ಬೇರೆ ಟವೆಲ್ಲು ಎಲ್ಲವೂ ಒಂದೇ ಏಟಿಗೆ ಮಣ್ಣುಪಾಲು. ಟಬ್ಬಿನಲ್ಲಿ ರೋಗ ಇದ್ದದ್ದೇ ಆದರೆ ಈಗ ಅದು ಸಾಹೇಬರಿಗೂ ಬಂತು, ದೊಡ್ಡ ತೊಟ್ಟಿಗೂ ಹೋಯಿತು.

ನಾನು ಕೂಗಾಡಿದೆ. ಓಣಿಗೆಲ್ಲ ಕೇಳುವ ಹಾಗೆ ಕೂಗಾಡಿದೆ. "ಹೊರಗ ಇಡಾಕ ಒಂದು ಕಾರಣ ಐತಿ ಅಪ್ಪ!"

"ಕಾರಣ ಇಲ್ದ ಯಾರಾರ ಯಾರ್ನಾರ ಹೊರಗ ಇಟ್ಟಾರೇನವ್ವಾ?"

"ಇದು ಜಾತಿ ಅಲ್ಲ, ರೋಗ!"

"ಅವರೂ ಹಂಗ ತಿಳಕೊಂಡಿದ್ರು" ಅಂದ ಅಪ್ಪ. ಸಿಟ್ಟಿನಿಂದ ಅನ್ನಲಿಲ್ಲ, ಚಹಾದ ಲೋಟದೊಳಗೆ ನೋಡುತ್ತ ಅಂದ.

ಆದರೆ ನನ್ನ ಕಾರಣ ನಿಜವಾದದ್ದು, ಅದನ್ನು ಬಿಟ್ಟುಕೊಡುವುದು ಹೇಗೆ? "ನಂದು ಮುಗೀತೈತಿ ಅಪ್ಪ. ಸುಮ್ನ ಇಟ್ಟು ಮರೆಯೋದಲ್ಲ. ಯುಗಾದಿಗೆ ಒಳಗ ಬಿಡ್ತೀನಿ. ಎರಡನ್ನೂ."

"ನನಗ ಯಾಕ ಹೇಳ್ತಿ? ಅದಕ್ಕ ಹೇಳು."

ಬೇರೆ ದಾರಿ ಇರಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಹೆಗಲ ಮೇಲಿನ ಬ್ಯಾಗೂ ಇಳಿದಿರಲಿಲ್ಲ, ಟಬ್ಬಿನ ಮುಂದೆ ಬಗ್ಗಿ, "ಯುಗಾದಿಗೆ ಒಳಗ ಬಿಡ್ತೀನಿ" ಅಂತ ಮೀನಿಗೆ ಹೇಳಿದೆ. ನನ್ನ ಕೂಗಾಟ ಕೇಳಿ ಓಡಿ ಬಂದಿದ್ದ ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಬಂದ ದಾರಿಯಲ್ಲೇ ಹಿಂದಕ್ಕೆ ಹೋದಳು. ಮರುದಿನ ಘಟಕದ ನೀರಿನ ಸಾಲಿನಲ್ಲಿ ಇಬ್ಬರು ನನಗೆ ಜಾಗ ಬಿಟ್ಟುಕೊಟ್ಟರು.

ನಾಲ್ಕಾರು ದಿನ ಏನೂ ಆಗಲಿಲ್ಲ. ಆಮೇಲೆ ಹೊಸ ಮೀನಿನ ರೆಕ್ಕೆಯ ಮೇಲೆ ಒಂದು ಚುಕ್ಕೆ. ಮರುದಿನ ಮೈತುಂಬ. ಅದರ ಮರುದಿನ ಸಾಹೇಬರ ಬೆನ್ನ ಮೇಲೂ ರವೆ ಉದುರಿತ್ತು.

ತಾಮ್ರದ ಔಷಧಿ ತರಿಸಿದೆ. ಅದು ಕಡಿಮೆಯಾದರೆ ರೋಗ ಹೋಗುವುದಿಲ್ಲ, ಹೆಚ್ಚಾದರೆ ಮೀನು ಹೋಗುತ್ತದೆ. ಹನಿ ಲೆಕ್ಕದಲ್ಲಿ ಹಾಕಿ, ಪರೀಕ್ಷೆ ಮಾಡಿ, ನೀರು ಬದಲಿಸಿ, ಮತ್ತೆ ಹಾಕಿ. ಪಡಸಾಲೆಯ ದೊಡ್ಡ ತೊಟ್ಟಿ ಮೀನಿಲ್ಲದೆ ಖಾಲಿ ಬಿತ್ತು. ಹತ್ತಿಕೊಳ್ಳಲು ಮೀನು ಸಿಗದಿದ್ದರೆ ರೋಗದ ಹುಳ ತಾನಾಗಿ ಸಾಯುತ್ತದೆ, ಅದಕ್ಕೇ ಹಾಗೆ ಬಿಡಬೇಕು. ಆದರೆ ಮನೆಗೆ ಬಂದವರಿಗೆ ಖಾಲಿ ತೊಟ್ಟಿಯಲ್ಲಿ ದೀಪ ಉರಿಯುವುದನ್ನು ವಿವರಿಸುವುದು ಸಾಕುಬೇಕಾಯಿತು. "ಮೀನು ಎಲ್ರಿ?" ಬಚ್ಚಲ ಪಕ್ಕ. "ಮತ್ತ ಇಲ್ಲಿ ಏನೈತ್ರಿ?" ಏನೂ ಇಲ್ಲ. "ಹಂಗಾರ ಲೈಟು ಯಾಕ್ರಿ?" ಎರಡು ವಾರ ಕಳೆಯುವಷ್ಟರಲ್ಲಿ ನಾನು ಯಾರನ್ನೂ ಒಳಗೆ ಕರೆಯುವುದನ್ನೇ ಬಿಟ್ಟೆ.

ಅಪ್ಪನ ಜತೆ ನಾನು ಮಾತು ಬಿಟ್ಟಿದ್ದೆ. ಅವನೂ ಸಾಹೇಬರ ಜತೆ ಮಾತು ಬಿಟ್ಟಿದ್ದ. ಸಾಹೇಬರು ಪೈಪಿಗೆ ಒರಗಿ ಬಾಯಿ ತೆರೆದು ಮುಚ್ಚುತ್ತ ಬಿದ್ದಿರುತ್ತಿದ್ದರು. ಅಪ್ಪ ಎದುರಿಗೆ ಕೂತಿರುತ್ತಿದ್ದ, ಬೆಲ್ಲಿಗೆ ಕಾದವನ ಹಾಗೆ. ನನ್ನ ಕಾನೂನನ್ನು ಈಗ ನನಗಿಂತ ಹೆಚ್ಚು ಪಾಲಿಸುತ್ತಿದ್ದವನು ಅವನೇ. ಮೊಣಕೈತನಕ ತೊಳೆಯದೆ ಟಬ್ಬಿನ ಹತ್ತಿರ ಸುಳಿಯುತ್ತಿರಲಿಲ್ಲ. ಊಟದ ತಟ್ಟೆ ಮುಟ್ಟುತ್ತಿದ್ದ ಅಷ್ಟೇ, ತಿಂದದ್ದು ಲೆಕ್ಕಕ್ಕಿಲ್ಲ. ಆ ವಾರಗಳಲ್ಲಿ ನಾನು ಹೆದರಿದಷ್ಟು ಯಾವ ಇನ್ಸ್‌ಪೆಕ್ಷನ್ನಿಗೂ ಹೆದರಿದವಳಲ್ಲ.

ಒಂದು ಸಂಜೆ ಪಕ್ಕದ ಮನೆಯ ಅಕ್ಕ ಬಂದು ಕಿವಿಯಲ್ಲಿ ಹೇಳಿದಳು. "ನಿಮ್ಮಪ್ಪಾರು ಬಂದು ಭಂಡಾರ ಕೇಳಿ ಇಸಗೊಂಡು ಹೋದ್ರು."

ನಂಬಲಾಗಲಿಲ್ಲ. ಬೌದ್ಧನಾದಾಗ ದೇವರಿಗೆ ಕೈ ಮುಗಿಯುವುದಿಲ್ಲ ಅಂತ ಪ್ರತಿಜ್ಞೆ ತೆಗೆದುಕೊಂಡು, ಹಬ್ಬದ ದಿನ ಆ ಅಕ್ಕ ಪ್ರಸಾದ ಕೊಟ್ಟರೆ "ಇದನ್ನ ಸಿಹಿ ಅಂತ ತಿಂತೀನಿ, ಪ್ರಸಾದ ಅಂತಲ್ಲ" ಎಂದು ಸ್ಪಷ್ಟೀಕರಣ ಕೊಟ್ಟು ತಿನ್ನುವ ಮನುಷ್ಯ ಅವನು. ಕೋಣೆಗೆ ಹೋಗಿ ನೋಡಿದೆ. ಟಬ್ಬಿನ ಹೊರಗೆ, ಸಾಹೇಬರು ಬಿದ್ದುಕೊಳ್ಳುವ ಕಡೆಗೇ, ಹೊಸದಾಗಿ ಅರಿಶಿನ ಮೆತ್ತಿತ್ತು. ಅಪ್ಪ ಸಿಕ್ಕಿಬಿದ್ದವನಂತೆ ಕೈ ಹಿಂದೆ ಕಟ್ಟಿಕೊಂಡ. ಬೆರಳೆಲ್ಲ ಹಳದಿ.

"ನನಗಲ್ಲವ್ವಾ" ಅಂದ. "ಸಾಹೇಬ್ರಿಗೆ. ಅವರೇನೂ ಪ್ರತಿಜ್ಞೆ ಮಾಡಿಲ್ಲ."

ನಗು ತಡೆಯಲಾಗಲಿಲ್ಲ. ಅಪ್ಪನೂ ನಕ್ಕ. ನಮ್ಮ ಮಾತು ಮತ್ತೆ ಶುರುವಾಗಿದ್ದು ಹಾಗೆ.

ಔಷಧಿಯಿಂದಲೋ, ಬೇರೆ ಯಾತರಿಂದಲೋ ಅಂತ ಪಕ್ಕದ ಮನೆಯವರ ಜತೆ ನನಗೆ ಇವತ್ತಿಗೂ ಜಗಳವಿದೆ. ಅಂತೂ ಮೊದಲು ಸಣ್ಣದು ಚೇತರಿಸಿಕೊಂಡಿತು. ಸುಮ್ಮನಿರಲಿಲ್ಲ. ಬಿದ್ದ ಸಾಹೇಬರನ್ನು ಮೂತಿಯಿಂದ ತಿವಿದು ತಿವಿದು ಎಬ್ಬಿಸುತ್ತಿತ್ತು. ಒಂದು ಬೆಳಿಗ್ಗೆ ಅಪ್ಪ ಟಬ್ಬಿನ ಅಂಚನ್ನು ಟಕ್ ಟಕ್ ಅನ್ನಿಸಿದ. ಸಾಹೇಬರು ಎದ್ದು ಬಂದು ಕಾಳಿಗೆ ಬಾಯಿ ಹಾಕಿದರು. ಅಪ್ಪ ಅಡುಗೆಮನೆಗೆ ಬಂದು, "ಸಾಹೇಬ್ರು ಡ್ಯೂಟಿಗೆ ಹಾಜರಾದ್ರು" ಅಂದ, ಆಮೇಲೆ ಒಲೆಯ ಪಕ್ಕ ನಿಂತೇ ಬಿಸಿ ರೊಟ್ಟಿ ತಿಂದ. ನಾನು ಅವನಿಗೆ ಬೆನ್ನು ಮಾಡಿ ಹಿಟ್ಟು ತಟ್ಟುತ್ತಲೇ ಇದ್ದೆ, ಕಣ್ಣು ಕಾಣಿಸದ ಹಾಗೆ.

ಅಲ್ಲಿಂದ ಒಂದು ಚುಕ್ಕೆಯೂ ಮತ್ತೆ ಏಳಲಿಲ್ಲ. ವಾರಗಳು ಕಳೆದವು. ಯುಗಾದಿ ಬಂತು.

ಹಬ್ಬದ ಬೆಳಿಗ್ಗೆ ಮನೆಯಲ್ಲಿ ಹೋಳಿಗೆಯ ವಾಸನೆ. ನಮ್ಮನೆಯವರು ರಜೆ ಹಾಕಿ ಬಂದಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಜೋಳದ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಲೆಕ್ಕದ ಪ್ರಕಾರ ದೊಡ್ಡ ತೊಟ್ಟಿ ಶುದ್ಧ, ಮೀನು ಶುದ್ಧ. ಆದರೂ ಬಲೆ ಹಿಡಿದ ನನ್ನ ಕೈ ನೀರಿಗೆ ಇಳಿಯಲಿಲ್ಲ. ಸಾಹೇಬರು ಎರಡು ಸಲ ಸಾವಿನ ಬಾಯಿಂದ ಎದ್ದು ಬಂದಾಗಿದೆ. ಎಲ್ಲೋ ಒಂದು ಹುಳ ಉಳಿದಿದ್ದರೆ? ಮೂರನೇ ಸಲ ಅಪ್ಪ ತಡೆದುಕೊಳ್ಳುವನೇ?

"ಅಪ್ಪ, ಇನ್ನೊಂದು ಸ್ವಲ್ಪ ದಿನ ಇರಲಿ. ಯಾತಕ್ಕೂ ಇರಲಿ" ಅಂದೆ.

"ಯುಗಾದಿಗೆ ಅಂದಿದ್ದಿ."

"ಅಂದಿದ್ದೆ. ಆದರ ನನಗ ಭಯ ಆಗತೈತಿ. ಸಾಹೇಬ್ರಿಗೆ ಏನಾರ ಆದರ ನಿನಗ…"

"ನನಗ ಏನಾಗ್ತೈತೋ ಆಗ್ಲಿ." ಅಪ್ಪ ಒಳಗೆ ಬಂದ. "ನಮ್ಮಪ್ಪ ಹೋಗ್ತಿದ್ದ ಹೋಟೆಲಿನ ಯಜಮಾನ ಭಾಳ ಒಳ್ಳೇ ಮನಶ್ಯಾ ಇದ್ದ. ಒಂದು ದಿನಾನೂ ಕೆಟ್ಟ ಮಾತು ಆಡಿದಾವಲ್ಲ. ಹೋದಾಗೆಲ್ಲ ನಮ್ಮಪ್ಪಂಗ ಅಂತಿದ್ದ, ತಡಿ, ಇನ್ನೊಂದು ಸ್ವಲ್ಪ ದಿನ, ಕಾಲ ಬದಲಾಗ್ತೈತಿ, ಒಳಗ ಬಂದು ಕುಂದ್ರೂವಂತಿ ಅಂತ. ನಮ್ಮಪ್ಪ ಅದನ್ನ ನಂಬಿದ್ದ. ಆ ಹೋಟೆಲಿನ ಮುಂದ ನಿಂತು ಚಾ ಕುಡದು ಕುಡದು ಮುದುಕ ಆಗಿ ಸತ್ತ."

ನಮ್ಮ ಅಜ್ಜನ ಬಗ್ಗೆ ಅಪ್ಪ ಇದನ್ನು ಅಲ್ಲಿಯವರೆಗೆ ಯಾವತ್ತೂ ಹೇಳಿರಲಿಲ್ಲ. ನಾನು ಬಲೆಯನ್ನು ನೀರಿಗೆ ಇಳಿಸಿದೆ.

"ಮೊದ್ಲು ಸಣ್ಣದು" ಅಂದ ಅಪ್ಪ. "ಸಾಹೇಬ್ರು ಆಮ್ಯಾಲೆ."

ಸಣ್ಣದನ್ನು ಮಗ್ಗಿನಲ್ಲಿ ಹಿಡಿದು ಪಡಸಾಲೆಗೆ ತಂದೆ. ಪಕ್ಕದ ಮನೆಯ ಅಕ್ಕ ಬಂದಿದ್ದಳು, ನಮ್ಮನೆಯವರು ಕೈಯಲ್ಲಿ ಹೋಳಿಗೆ ಹಿಡಿದು ನಿಂತಿದ್ದರು. ಮಗ್ಗನ್ನು ದೊಡ್ಡ ತೊಟ್ಟಿಯ ನೀರಿಗೆ ಓರೆ ಮಾಡಿ ಹಿಡಿದೆ. ಮೀನು ಮಗ್ಗಿನ ತಳದಲ್ಲೇ ನಿಂತಿತು. ಎದುರಿಗೆ ಅಷ್ಟು ದೊಡ್ಡ ನೀರು, ಹೊರಡಲು ಧೈರ್ಯವಿಲ್ಲ. ನನ್ನ ಕೈ ಸೋಲುತ್ತ ಬಂತು.

ಅಪ್ಪ ಗಾಜಿನ ಹತ್ತಿರ ಬಗ್ಗಿದ. "ಬಾ" ಅಂದ. "ಬಾರಪ್ಪಾ, ಒಳಗ ಬಾ."

ಮೀನು ಹೊರಟಿತು. ಕಲ್ಲನ್ನು ಒಂದು ಸುತ್ತು ಹಾಕಿ ಸಂದಿಯೊಳಗೆ ಹೋಯಿತು. ಅಪ್ಪ ಬಗ್ಗಿದವನು ಎದ್ದಿರಲಿಲ್ಲ.

"ಒಳಗ ಬಾ" ಅಂದ ಇನ್ನೊಮ್ಮೆ, ಬಹಳ ಮೆತ್ತಗೆ. ಅದನ್ನು ಅವನು ಮೀನಿಗೆ ಅಂದದ್ದಲ್ಲ.

ನಾನು ಸಾಹೇಬರನ್ನು ತರಲು ಜೋಳದ ಕೋಣೆಗೆ ಹೋದೆ.